ಅಲರ್ಜಿಗೆ ಅಲರ್ಜಿಕಾರಕವೇ ಮದ್ದು: ಯಾರಿಗೆ, ಯಾವುದಕ್ಕೆ, ಎಷ್ಟು ಕಾಲ?

ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಚಾಳಣಿ ಹಿಡಿಯುವ ಹೆಣ್ಣುಮಕ್ಕಳು ಮೂಗು-ಬಾಯಿಗೆ ಬಟ್ಟೆ ಬಿಗಿದುಕೊಂಡೇ ಕೆಲಸಕ್ಕೆ ಕೂಡುತ್ತಾರೆ. ಆದರೂ ಘಾಟು ಗಂಟಲಿಗೆ ಇಳಿಯದೆ ಬಿಡುವುದಿಲ್ಲ. ರಾಯಬಾಗ, ಚಿಕ್ಕೋಡಿ ಕಡೆ ಕಬ್ಬು ಕಡಿದು ಮುಗಿಸಿ ರವದಿಗೆ ಬೆಂಕಿ ಹಚ್ಚಿದ ಸಂಜೆ ಹೊಗೆ ಹೊಲ ದಾಟಿ ಊರೊಳಗೆ ಬಂದು ನಿಲ್ಲುತ್ತದೆ. ಅಥಣಿಯ ಬದುಗಳ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಬಿತ್ತಿದ ಬೆಳೆಗಿಂತ ಮೊದಲು ಕಾಂಗ್ರೆಸ್ ಕಸ ತಲೆ ಎತ್ತುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದ ವರ್ಷ ನದಿದಂಡೆಯ ಮನೆಗಳ ಗೋಡೆಗಳು ತಿಂಗಳುಗಟ್ಟಲೆ ಆರದೆ ಬೂಸ್ಟು ಹಿಡಿಯುತ್ತವೆ. 2019ರ ಆಗಸ್ಟ್ ತಿಂಗಳ ಮಹಾಪೂರ ಕಂಡವರಿಗೆ ಆ ವಾಸನೆ ಇನ್ನೂ ನೆನಪಿದ್ದೀತು.

ಇಂಥ ಸೀಮೆಯಲ್ಲಿ ಎದ್ದ ಕೂಡಲೇ ಸಾಲು ಸೀನು ಸೀನುವವರಿಗೆ, ನಡುರಾತ್ರಿ ದಮ್ಮು ಹತ್ತಿ ಎದ್ದು ಕೂಡುವವರಿಗೆ, ಕುತ್ತಿಗೆ-ರೆಪ್ಪೆ ಕೆರೆದು ಕೆರೆದು ಕಪ್ಪಾದವರಿಗೆ ಬರವಿಲ್ಲ. ಕಾಗವಾಡದವರು ಮಿರಜ-ಸಾಂಗ್ಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿಯವರು ಬೆಳಗಾವಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಬರುವಾಗ ಒಂದು ಪ್ರಶ್ನೆಯನ್ನೂ ಹೊತ್ತು ತರುತ್ತಾರೆ: ಮೂರು ವರ್ಷದ ಇಂಜೆಕ್ಷನ್ ಕೋರ್ಸ್ ಮಾಡಿಸಿಕೊಂಡರೆ ಅಲರ್ಜಿ ಬುಡಸಮೇತ ಹೋಗುತ್ತದಂತೆ, ನಿಜವೇ?

ಆ ಕೋರ್ಸಿನ ಹೆಸರು ಅಲರ್ಜನ್ ಇಮ್ಯುನೊಥೆರಪಿ. ಯಾವ ವಸ್ತು ದೇಹಕ್ಕೆ ಆಗಿಬರುವುದಿಲ್ಲವೋ ಅದನ್ನೇ ಅತ್ಯಲ್ಪ ಪ್ರಮಾಣದಿಂದ ಶುರುಮಾಡಿ, ಏರಿಸುತ್ತ ಏರಿಸುತ್ತ, ದೇಹಕ್ಕೆ ಅದನ್ನು ಸಹಿಸುವುದನ್ನು ಕಲಿಸುವ ಚಿಕಿತ್ಸೆ ಇದು. ನೂರು ವರ್ಷ ದಾಟಿದೆ. ವಾದ ಮಾತ್ರ ನಿಂತಿಲ್ಲ. "ಕೆಲಸ ಮಾಡುತ್ತದೆಯೇ ಇಲ್ಲವೇ" ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ರೋಗಕ್ಕೆ, ಯಾವ ಅಲರ್ಜಿಕಾರಕಕ್ಕೆ, ಯಾವ ಗುಣಮಟ್ಟದ ಮದ್ದಿನಿಂದ, ಎಷ್ಟು ವರ್ಷ ಎಂದು ಬಿಡಿಸಿ ಕೇಳಬೇಕು.

ಸೀನಿದ್ದೆಲ್ಲ ಅಲರ್ಜಿಯಲ್ಲ

ತಂಬಾಕಿನ ಘಾಟಿಗೆ ಬರುವ ಕೆಮ್ಮು, ರವದಿ ಹೊಗೆಗೆ ಬರುವ ಕಣ್ಣೀರು ಬಹುಪಾಲು ಉರಿತದಿಂದ ಆಗುವಂಥವು. ಅಲ್ಲಿ ಧೂಳು, ನಿಕೋಟಿನ್, ಹೊಗೆಯ ಕಣ ನೇರವಾಗಿ ಶ್ವಾಸನಾಳವನ್ನು ಕೆರಳಿಸುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆ ಆ ವಸ್ತುವನ್ನು ಗುರುತಿಟ್ಟುಕೊಂಡು ತಿರುಗಿಬೀಳುವ ಪ್ರಶ್ನೆಯೇ ಇಲ್ಲ. ತಂಬಾಕಿನ ಎಲೆಗೇ ನಿಜವಾದ ಅಲರ್ಜಿ ಇರುವವರು ಅಪರೂಪ. ಹಾಗಾಗಿ ವಖಾರಿಯ ಕೆಮ್ಮಿಗೆ ಇಮ್ಯುನೊಥೆರಪಿಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಗಾಳಿ ಆಡುವ ಕಟ್ಟಡದಲ್ಲಿ, ಧೂಳು ಎಳೆದುಕೊಳ್ಳುವ ಯಂತ್ರದಲ್ಲಿ, ಸರಿಯಾದ ಮಾಸ್ಕಿನಲ್ಲಿ. ಆ ಖರ್ಚು ಮಾಲೀಕರ ಹೊಣೆ. ಕೆಲಸದ ಹೆಣ್ಣುಮಕ್ಕಳ ತೋಳಿಗೆ ಸೂಜಿ ಚುಚ್ಚಿ ಅದನ್ನು ತೀರಿಸಲಾಗದು.

ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಇನ್ನೊಂದು ರೋಗವನ್ನೂ ನೆನಪಿಡಬೇಕು. ಒಟ್ಟಿದ ಕಬ್ಬಿನ ಸಿಪ್ಪೆ ತೇವಕ್ಕೆ ಬೆಚ್ಚಗಾಗಿ ಬೂಸ್ಟು ಹಿಡಿದರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಧೂಳಿನಿಂದ ಬಗಾಸೋಸಿಸ್ ಎಂಬ ಶ್ವಾಸಕೋಶದ ಬೇನೆ ಬರುತ್ತದೆ. ಸಿಪ್ಪೆಯಲ್ಲಿ ದುಡಿದ ಕೆಲವು ತಾಸಿನ ಮೇಲೆ ಜ್ವರ, ಕೆಮ್ಮು, ಏದುಸಿರು. ಇದು ರೋಗನಿರೋಧಕ ವ್ಯವಸ್ಥೆಯದೇ ತೊಂದರೆ ಹೌದು, ಆದರೆ ಬೇರೆ ದಾರಿಯದು. ಅಲರ್ಜಿಯ ಚುಚ್ಚುಮದ್ದು ಇಲ್ಲಿ ನಿರುಪಯೋಗಿ.

ಇಮ್ಯುನೊಥೆರಪಿ ಗುರಿಯಿಡುವುದು ಐಜಿಇ ಎಂಬ ಪ್ರತಿಕಾಯದ ಮೂಲಕ ನಡೆಯುವ ಅಲರ್ಜಿಗೆ. ಹಾಸಿಗೆ-ಕೌದಿಗಳಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳುಹುಳ, ಹುಲ್ಲು-ಕಳೆ-ಮರಗಳ ಪರಾಗ, ಜೇನು-ಕಣಜದ ವಿಷ ಇವು ಅದರ ಮುಖ್ಯ ಗುರಿಗಳು. ಇದನ್ನು ಪತ್ತೆಹಚ್ಚುವ ಚರ್ಮಪರೀಕ್ಷೆ ಸರಳವಾದದ್ದು. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಅಲರ್ಜಿಕಾರಕದ ಹನಿ ಇಟ್ಟು, ಹನಿಯ ಮೂಲಕ ಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. ಒಂದು ಹನಿ ಹಿಸ್ಟಮಿನ್. ಅದು ದದ್ದು ಎಬ್ಬಿಸಲೇಬೇಕು. ಇನ್ನೊಂದು ಬರೀ ಉಪ್ಪುನೀರು, ಅದು ಎಬ್ಬಿಸಬಾರದು. ಹದಿನೈದು-ಇಪ್ಪತ್ತು ನಿಮಿಷ ಕೆರೆಯದೆ ಕೂಡಬೇಕು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರಾದರೂ ದೊಡ್ಡ ದದ್ದು ಎದ್ದರೆ ಆ ವಸ್ತುವಿಗೆ ಪರೀಕ್ಷೆ ಪಾಸಿಟಿವ್. ನೆಗಡಿಗೆಂದು ನುಂಗುವ ಅಲರ್ಜಿ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸದಿದ್ದರೆ ಹಿಸ್ಟಮಿನ್ ಹನಿಯೂ ಏಳದೆ ಪರೀಕ್ಷೆ ಕೆಡುತ್ತದೆ.

ಪಾಸಿಟಿವ್ ಬಂದದ್ದೆಲ್ಲ ರೋಗವಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಆಹಾರ ಅಲರ್ಜಿಯ ಸಮೀಕ್ಷೆಯಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಸಿಕ್ಕಿತು. ಆದರೆ ಲಕ್ಷಣವೂ ಪರೀಕ್ಷೆಯೂ ತಾಳೆಯಾಗಿ ಆಹಾರ ಅಲರ್ಜಿ ಇರಬಹುದು ಎನ್ನಬಹುದಾದವರು ಶೇ. 1.2 ಮಾತ್ರ. ರಕ್ತದ ವರದಿಯೊಂದನ್ನೇ ಹಿಡಿದು ಬದನೆ, ಶೇಂಗಾ, ಮೊಸರು ಎಲ್ಲ ಬಿಡಿಸಿದರೆ ರೋಗಿಯ ತಾಟು ಬರಿದಾಗುತ್ತದೆಯೇ ಹೊರತು ಸೀನು ನಿಲ್ಲುವುದಿಲ್ಲ.

ಲಂಡನ್ನಿನ ಹುಲ್ಲಿನಿಂದ ದೆಹಲಿಯವರೆಗೆ

ಪರಾಗದಿಂದಲೇ ನೆಗಡಿ ಬರುತ್ತದೆ ಎಂದು ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ 1873ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ "ಅಲರ್ಜಿ" ಎಂಬ ಪದವನ್ನು ಬಳಕೆಗೆ ತಂದ. 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ತೆಗೆದು ರೋಗಿಗಳಿಗೆ ಚುಚ್ಚಿದ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮದ್ದು ಹತ್ತಿತೋ ಇಲ್ಲವೋ ಎಂದು ಅಳೆಯಲು ರೋಗಿಯ ಕಣ್ಣಿಗೆ ಪರಾಗದ ಸಾರದ ಹನಿ ಹಾಕಿ, ಎಷ್ಟು ಗಟ್ಟಿ ಸಾರಕ್ಕೆ ಕಣ್ಣು ಕೆಂಪಾಗುತ್ತದೆ ಎಂದು ಆತ ನೋಡುತ್ತಿದ್ದ. ಪರಾಗದಲ್ಲಿ ವಿಷವಿದೆ, ದೇಹ ಅದಕ್ಕೆ ಪ್ರತಿವಿಷ ತಯಾರಿಸಿಕೊಳ್ಳುತ್ತದೆ ಎಂಬುದು ಆತನ ಎಣಿಕೆ. ಎಣಿಕೆ ತಪ್ಪು, ಚಿಕಿತ್ಸೆ ಸರಿ! ಎರಡೇ ವರ್ಷದಲ್ಲಿ ಕ್ಷಯದಿಂದ ನೂನ್ ತೀರಿಕೊಂಡ. ಗೆಳೆಯ ಜಾನ್ ಫ್ರೀಮನ್ ಕೆಲಸ ಮುಂದುವರಿಸಿದ.

ಮುಂದಿನ ನಲವತ್ತು ವರ್ಷ ಸರಿಯಾದ ಹೋಲಿಕೆಯ ಪ್ರಯೋಗಗಳಿಲ್ಲದೆಯೇ ಈ ಚಿಕಿತ್ಸೆ ಲೋಕವಿಡೀ ಹಬ್ಬಿತು. 1954ರಲ್ಲಿ ವಿಲಿಯಂ ಫ್ರಾಂಕ್ಲಂಡ್ ಮತ್ತು ರೋಸಾ ಆಗಸ್ಟಿನ್ ಹುಲ್ಲಿನ ಪರಾಗದ ಮೇಲೆ ಹೋಲಿಕೆಯ ಪ್ರಯೋಗ ನಡೆಸಿದ ಮೇಲೆಯೇ ಅದಕ್ಕೆ ಆಧಾರ ಸಿಕ್ಕಿತು. 1978ರಲ್ಲಿ ಜೇನು-ಕಣಜದ ಶುದ್ಧ ವಿಷದ ಚುಚ್ಚುಮದ್ದು, ಕೀಟದ ಇಡೀ ದೇಹದ ಸಾರಕ್ಕಿಂತ ಎಷ್ಟೋ ಮೇಲು ಎಂದು ಸಿದ್ಧವಾಯಿತು. ಇಂದಿಗೂ ಇಡೀ ಕ್ಷೇತ್ರದಲ್ಲಿ ಅತಿ ಗಟ್ಟಿಯಾದ ಪುರಾವೆ ಇರುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಇಮ್ಯುನೊಥೆರಪಿಯನ್ನು ಚಿಕಿತ್ಸಕ ಲಸಿಕೆ ಎಂದೇ ಕರೆಯಿತು.

ಭಾರತದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಡಾ. ಡಿ.ಎನ್. ಶಿವಪುರಿ ಮುಖ್ಯರು. ನಮ್ಮ ಗಾಳಿಯ ಪರಾಗಗಳನ್ನು ಗುರುತಿಸಿ ಪರೀಕ್ಷೆಗೆ ತಂದವರು ಅವರು. ಅವರೇ 1960ರ ದಶಕದಲ್ಲಿ ನಮ್ಮ ಆಡುಮುಟ್ಟದ ಬಳ್ಳಿಯ ಎಲೆಯನ್ನು ದಮ್ಮಿನ ರೋಗಿಗಳಿಗೆ ಅಗಿಯಲು ಕೊಟ್ಟು ಪರೀಕ್ಷಿಸಿದ್ದೂ ಉಂಟು. ಮೊದಲ ಫಲಿತಾಂಶ ಆಸೆ ಹುಟ್ಟಿಸಿತು, ಮುಂದಿನ ಎಲ್ಲ ಪ್ರಯೋಗಗಳೂ ಅದನ್ನು ಎತ್ತಿಹಿಡಿಯಲಿಲ್ಲ. ಮೃಗಶಿರಾ ದಿನ ಹೈದರಾಬಾದಿಗೆ ಮೀನಿನ ಮದ್ದಿಗೆ ಓಡುವವರನ್ನು ಬೈಯುವ ಬದಲು, ನಾಡಮದ್ದನ್ನೂ ಅದೇ ಒರೆಗಲ್ಲಿಗೆ ಹಚ್ಚಿದ ಶಿವಪುರಿಯವರ ರೀತಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಒಳಗೆ ಏನಾಗುತ್ತದೆ: ಮೂರು ವಿವರಣೆ

ನೂನ್‌ನ ಪ್ರತಿವಿಷದ ಮಾತು ಬಿದ್ದುಹೋದ ಮೇಲೆ ಬಂದದ್ದು "ತಡೆ ಪ್ರತಿಕಾಯ"ದ ವಾದ. ಅದಕ್ಕೆ ದಾರಿ ಮಾಡಿದ್ದು ಇಬ್ಬರು ವೈದ್ಯರು 1921ರಲ್ಲಿ ವರದಿ ಮಾಡಿದ ಒಂದು ಪ್ರಯೋಗ. ಹೈಂಜ್ ಕ್ಯುಸ್ಟ್ನರನಿಗೆ ಮೀನು ಆಗಿಬರುತ್ತಿರಲಿಲ್ಲ. ಆತನ ರಕ್ತದ ಸೀರಮ್ಮನ್ನು ಕಾರ್ಲ್ ಪ್ರಾಸ್ನಿಟ್ಜ್ ತನ್ನ ಚರ್ಮದೊಳಗೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡ. ದದ್ದು ಎದ್ದಿತು. ಅಲರ್ಜಿ ರಕ್ತದಲ್ಲಿ ಹರಿಯುವ ಯಾವುದೋ ವಸ್ತುವಿನದು ಎಂದು ಸಿದ್ಧವಾಯಿತು. 1935ರಲ್ಲಿ ರಾಬರ್ಟ್ ಕುಕ್ ಮತ್ತು ಸಂಗಡಿಗರು, ಚುಚ್ಚುಮದ್ದು ಪಡೆದವರ ಸೀರಮ್ ಇಂಥ ದದ್ದನ್ನು ತಡೆಯುತ್ತದೆ ಎಂದು ತೋರಿಸಿದರು. ಆ ಹರಿಯುವ ವಸ್ತುವೇ ಐಜಿಇ ಎಂದು ತಿಳಿಯಲು 1960ರ ದಶಕದ ಕೊನೆ ಬರಬೇಕಾಯಿತು. ಇಶಿಜಾಕಾ ದಂಪತಿ ಅಮೆರಿಕದಲ್ಲಿ, ಯೋಹಾನ್ಸನ್-ಬೆನಿಕ್ ಸ್ವೀಡನ್ನಿನಲ್ಲಿ ಬೇರೆಬೇರೆಯಾಗಿ ಅದನ್ನು ಕಂಡುಹಿಡಿದರು. ತಡೆಯುವ ಪ್ರತಿಕಾಯ ಬಹುಪಾಲು ಐಜಿಜಿ4 ಎಂಬುದು ಈಗಿನ ತಿಳಿವಳಿಕೆ. ಆದರೆ ಐಜಿಜಿ4 ಏರಿದವರೆಲ್ಲ ಗುಣವಾಗುವುದಿಲ್ಲ. ಈ ವಿವರಣೆ ಸೋಲುವುದು ಅಲ್ಲಿ.

ಎರಡನೆಯ ಪಂಗಡ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳ ಸಮತೂಕದ ಮಾತಾಡಿತು. ಅಲರ್ಜಿಯ ಕಡೆಗೆ ವಾಲಿದ ಸಹಾಯಕ ಕೋಶಗಳನ್ನು ಚಿಕಿತ್ಸೆ ಇನ್ನೊಂದು ಕಡೆಗೆ ವಾಲಿಸುತ್ತದೆ ಎಂಬುದು ಅದರ ಸಾರ. ಮೂರನೆಯದು, ಈಗ ಮೇಲುಗೈ ಇರುವುದು, ನಿಯಂತ್ರಕ ಟಿ-ಕೋಶಗಳ ವಿವರಣೆ: ಅವು ಐಎಲ್-10ರಂಥ ಸಂದೇಶ ಕಳಿಸಿ ಕೆರಳಿದ ವ್ಯವಸ್ಥೆಯನ್ನು ಶಮನಗೊಳಿಸುತ್ತವೆ. ಮದ್ದು ನಿಲ್ಲಿಸಿದ ಮೇಲೂ ಗುಣ ಉಳಿಯುವುದೇಕೆ ಎಂಬುದಕ್ಕೆ ಇದೇ ಹೆಚ್ಚು ಒಪ್ಪುವ ಉತ್ತರ. ಮೂರೂ ಸೇರಿದರೂ ಒಬ್ಬ ರೋಗಿಗೆ ಹತ್ತಿ ಇನ್ನೊಬ್ಬನಿಗೆ ಹತ್ತದಿರುವುದು ಏಕೆಂದು ಚಿಕಿತ್ಸೆಗೆ ಮೊದಲೇ ಹೇಳಬಲ್ಲ ರಕ್ತಪರೀಕ್ಷೆ ಮಾತ್ರ ಕೈಗೆ ಬಂದಿಲ್ಲ.

ಕಾಂಗ್ರೆಸ್ ಕಸ: ಒಂದೇ ಗಿಡ, ಎರಡು ರೋಗ

ಈ ಇಡೀ ಚರ್ಚೆಯನ್ನು ನಮ್ಮ ಸೀಮೆಯಲ್ಲಿ ನಿಂತು ನೋಡಬೇಕಾದದ್ದು ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ ಗಿಡದ ಬುಡದಲ್ಲಿ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ಕೆಲವೇ ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕವನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಸ ಸೋಲಲಿಲ್ಲ.

ಇದರಿಂದ ಬರುವ ಮೊದಲ ರೋಗ ಮೂಗಿನದು. ಪರಾಗ ಒಳಹೊಕ್ಕು, ಐಜಿಇ ಕೆರಳಿ, ನಿಮಿಷಗಳಲ್ಲಿ ಸೀನು, ನೀರಿಳಿಯುವ ಮೂಗು, ಕೆಲವರಿಗೆ ದಮ್ಮು. ಪಾರ್ಥೇನಿಯಂ ಪರಾಗದ ನೆಗಡಿಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡದ ವಿಸ್ತಾರವಾದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ತತ್ತ್ವಶಃ ಇದು ಇಮ್ಯುನೊಥೆರಪಿಗೆ ಒಗ್ಗುವ ರೋಗ.

ಎರಡನೆಯದು ಚರ್ಮದ್ದು. ಕಳೆ ಕೀಳುವ ರೈತರಲ್ಲಿ ಕಣ್ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಶುರುವಾಗಿ ವರ್ಷದಿಂದ ವರ್ಷಕ್ಕೆ ದಪ್ಪಗಟ್ಟುವ ಕೆರೆತ ಅದು. ಕೆಲವರಲ್ಲಿ ಬಿಸಿಲಿಗೇ ಮೈ ಒಡ್ಡಲಾಗದ ಹಂತಕ್ಕೂ ಹೋಗುತ್ತದೆ. ಇಲ್ಲಿ ಅಪರಾಧಿ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ. ಕೆರಳುವುದು ಐಜಿಇ ಅಲ್ಲ, ಟಿ-ಕೋಶ. ಮುಂಗೈ ಚುಚ್ಚಿ ಹದಿನೈದು ನಿಮಿಷ ಕಾದರೆ ಇದು ತಿಳಿಯುವುದಿಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ಓದುವ ಪ್ಯಾಚ್ ಪರೀಕ್ಷೆ ಬೇಕು. ಪರಾಗದ ಚುಚ್ಚುಮದ್ದಿನಿಂದ ಈ ಕೆರೆತ ಹೋಗುತ್ತದೆಂದು ನಂಬಿಸುವುದು ತಪ್ಪು.

ಕುತೂಹಲದ ಸಂಗತಿಯೆಂದರೆ, ಇದಕ್ಕೂ ಸಹನೆ ಕಲಿಸುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ. ಪಾರ್ಥೇನಿಯಂ ಸಾರವನ್ನು ಏರುವ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಡುವ ಪ್ರಯೋಗವನ್ನು ಮಣಿಪಾಲದ ಚರ್ಮರೋಗ ತಜ್ಞರು 1988ರಲ್ಲಿ ವರದಿ ಮಾಡಿದರು. 2001ರಲ್ಲಿ ಚಂಡೀಗಢದ ತಜ್ಞರೂ ಅದೇ ದಾರಿ ಹಿಡಿದರು. ಹಲವರಿಗೆ ಗುಣ ಕಂಡಿತು, ಕೆಲವರಿಗೆ ಚಿಕಿತ್ಸೆಯ ನಡುವೆಯೇ ಕೆರೆತ ಉಲ್ಬಣಿಸಿತು. ದೊಡ್ಡ ಹೋಲಿಕೆಯ ಪ್ರಯೋಗವಾಗದೆ ಅದು ರೂಢಿಗೆ ಬರಲಿಲ್ಲ. ಯುರೋಪಿನಲ್ಲಿ ಈ ಗಿಡ ಇಷ್ಟು ಬೆಳೆದಿದ್ದರೆ ಇಷ್ಟರಲ್ಲಿ ಅದಕ್ಕೊಂದು ಸಿದ್ಧ ಮಾತ್ರೆ ಬಂದಿರುತ್ತಿತ್ತು ಎಂದು ನನಗೆ ಅನಿಸುತ್ತದೆ. ರೈತನ ಚರ್ಮಕ್ಕೆ ಮಾರುಕಟ್ಟೆಯಿಲ್ಲ.

ಒಂದೇ ವಸ್ತುವೋ, ಹತ್ತರ ಮಿಶ್ರಣವೋ

ಯುರೋಪಿನ ವೈದ್ಯರು ಹೆಚ್ಚಾಗಿ ಒಂದು ಮುಖ್ಯ ಅಲರ್ಜಿಕಾರಕವನ್ನು ಆರಿಸಿ, ಪ್ರಮಾಣೀಕರಿಸಿದ ಒಂದೇ ಮದ್ದನ್ನು ಕೊಡುತ್ತಾರೆ. ಅಮೆರಿಕದವರು ಪಾಸಿಟಿವ್ ಬಂದ ಹಲವನ್ನು ಒಂದೇ ಸೀಸೆಯಲ್ಲಿ ಬೆರೆಸುತ್ತಾರೆ. ಒಳ್ಳೆಯ ಪುರಾವೆ ಹೆಚ್ಚಿರುವುದು ಮೊದಲ ರೀತಿಗೆ. ಎರಡನೆಯ ರೀತಿಯವರೂ ಸುಮ್ಮನೆ ವಾದಿಸುತ್ತಿಲ್ಲ. ನಮ್ಮಂಥ ಸೀಮೆಯಲ್ಲಿ ಒಬ್ಬನಿಗೆ ಧೂಳುಹುಳ, ಕಸ, ಬಳ್ಳಾರಿ ಜಾಲಿ, ಜಿರಳೆ ಎಲ್ಲಕ್ಕೂ ದದ್ದು ಏಳುವುದು ಸಾಮಾನ್ಯ. ಆದರೆ ಹತ್ತು ಸೇರಿದರೆ ಒಂದೊಂದರ ಪ್ರಮಾಣವೂ ಕೆಲಸ ಮಾಡುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಬೂಸ್ಟು ಮತ್ತು ಜಿರಳೆಯ ಸಾರದಲ್ಲಿರುವ ಕಿಣ್ವಗಳು ಜೊತೆಗಿಟ್ಟ ಪರಾಗದ ಪ್ರೋಟೀನನ್ನೇ ಕಡಿದುಹಾಕುತ್ತವೆ. ಭಾರತದ ಅಲರ್ಜಿ ತಜ್ಞರು 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹೊರತಂದಿದ್ದಾರೆ. ಆದರೂ ನಮ್ಮಲ್ಲಿನ ಬಹಳಷ್ಟು ಸಾರಗಳ ಮೇಲೆ ಬರೆದಿರುವುದು ತೂಕದ ಲೆಕ್ಕ ಮಾತ್ರ. ಒಳಗೆ ಮುಖ್ಯ ಅಲರ್ಜಿಕಾರಕ ಎಷ್ಟಿದೆ ಎಂಬ ಲೆಕ್ಕ ಇಲ್ಲ. ಇದು ನಮ್ಮಲ್ಲಿ ಈ ಚಿಕಿತ್ಸೆಯ ಅತಿ ದೊಡ್ಡ ಕೊರತೆ.

ಸೂಜಿ, ಹನಿ, ಮಾತ್ರೆ

ಚುಚ್ಚುಮದ್ದನ್ನು ಮೇಲ್ತೋಳಿನ ಹಿಂಬದಿಯ ಚರ್ಮದ ಕೆಳಗೆ ಕೊಡುತ್ತಾರೆ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆಯಂತೆ ಏರಿಸುತ್ತ ಹೋಗಿ, ಬಳಿಕ ತಿಂಗಳಿಗೊಮ್ಮೆ. ಒಟ್ಟು ಮೂರರಿಂದ ಐದು ವರ್ಷ. ಪ್ರತಿ ಸಲವೂ ಕನಿಷ್ಠ 30 ನಿಮಿಷ ಅಲ್ಲೇ ಕೂಡಬೇಕು, ಏಕೆಂದರೆ ಇಡೀ ಮೈಗೆ ಹಬ್ಬುವ ಅಪಾಯಕಾರಿ ಅಲರ್ಜಿ ಎದ್ದರೆ ಹೆಚ್ಚಾಗಿ ಆ ಅರ್ಧ ತಾಸಿನಲ್ಲೇ ಏಳುತ್ತದೆ. ಆಗ ವಯಸ್ಕರಿಗೆ ತೊಡೆಯ ಹೊರಭಾಗದ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ತಡಮಾಡದೆ ಬೀಳಬೇಕು. ಅಮೆರಿಕದ ಸಮೀಕ್ಷೆಯೊಂದು ಸುಮಾರು 25 ಲಕ್ಷ ಚುಚ್ಚುಮದ್ದಿಗೆ ಒಂದು ಸಾವು ಎಂದು ಲೆಕ್ಕ ಹಾಕಿದೆ. ಬ್ರಿಟನ್ನಿನಲ್ಲಿ 1957ರಿಂದ 26 ಮಂದಿ ಸತ್ತದ್ದು ಬೆಳಕಿಗೆ ಬಂದಾಗ, 1986ರಲ್ಲಿ ಈ ಚಿಕಿತ್ಸೆಯನ್ನು ತುರ್ತು ವ್ಯವಸ್ಥೆಯುಳ್ಳ ಕಡೆಗಷ್ಟೇ ಸೀಮಿತಗೊಳಿಸಿದರು. ಸತ್ತವರಲ್ಲಿ ಹೆಚ್ಚಿನವರು ದಮ್ಮಿನ ರೋಗಿಗಳು. ದಮ್ಮು ಹತೋಟಿಯಲ್ಲಿಲ್ಲದವರಿಗೆ ಚುಚ್ಚಬಾರದು ಎಂಬ ನಿಯಮ ಬಂದದ್ದು ಇಂಥ ಅನುಭವದಿಂದ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಆ ಮಾತ್ರೆ ಅಡ್ರಿನಲಿನ್ನಿನ ಕೆಲಸವನ್ನು ಕುಂದಿಸುತ್ತದೆ.

ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ವಾರವಾರ ಕೂಲಿ ಬಿಟ್ಟು ಬಸ್ಸು ಹತ್ತುವುದು ಕಷ್ಟವೆಂದು ಸೀಸೆಯನ್ನು ಊರಿಗೆ ಒಯ್ದು ಯಾರಿಂದಲಾದರೂ ಚುಚ್ಚಿಸಿಕೊಳ್ಳುವ ಮನಸ್ಸಾಗುವುದು ಸಹಜ. ಅಡ್ರಿನಲಿನ್ ಮತ್ತು ಅದನ್ನು ಬಳಸಬಲ್ಲ ವೈದ್ಯರು ಇಲ್ಲದ ಕಡೆ ಅದು ಸಲ್ಲದು. ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕೆಂಬುದನ್ನೂ ಕರೆಂಟು ಹೋಗುವ ಊರುಗಳಲ್ಲಿ ಮರೆಯುವಂತಿಲ್ಲ.

ನಾಲಿಗೆಯಡಿ ಇಡುವ ಹನಿ ಮತ್ತು ಮಾತ್ರೆ ಇಲ್ಲಿ ಅನುಕೂಲ. 1980ರ ದಶಕದಲ್ಲಿ ಶುರುವಾದ ಈ ದಾರಿ ಹೆಚ್ಚು ಸುರಕ್ಷಿತ. ಮೊದಲ ಮಾತ್ರೆ ವೈದ್ಯರೆದುರು ತೆಗೆದುಕೊಂಡರೆ ಉಳಿದದ್ದು ಮನೆಯಲ್ಲೇ ನಡೆಯುತ್ತದೆ. ಧೂಳುಹುಳದ ಪ್ರಮಾಣೀಕೃತ ಮಾತ್ರೆಗೆ ದಮ್ಮಿನಲ್ಲೂ ಒಳ್ಳೆಯ ಪುರಾವೆಯಿದೆ. ಅದು ಭಾರತಕ್ಕೂ ಈಚೆಗೆ ಬಂದಿದೆ. ಆದರೆ ಮಾತ್ರೆಗೆ ಸಿಕ್ಕ ಪುರಾವೆಯನ್ನು ಪ್ರಮಾಣ ಗೊತ್ತಿಲ್ಲದ ಯಾವುದೋ ಹನಿಗೆ ಅಂಟಿಸಬಾರದು. ದಿನವೂ ಮೂರು ವರ್ಷ ಮಾತ್ರೆ ತೆಗೆದುಕೊಳ್ಳುವವರು ಕಡಿಮೆ; ಸೀನು ಕಡಿಮೆಯಾದ ಕೂಡಲೇ ಬಿಡುವವರೇ ಹೆಚ್ಚು.

ಔಷಧಿಯೇ ಸಾಕು ಎನ್ನುವವರು

ಸ್ಟಿರಾಯ್ಡ್ ಮೂಗಿನ ಸ್ಪ್ರೇ, ನಿದ್ದೆ ತರದ ಅಲರ್ಜಿ ಮಾತ್ರೆ, ದಮ್ಮಿಗೆ ಇನ್ಹೇಲರ್ ಸರಿಯಾಗಿ ಬಳಸಿದರೆ ಬಹುತೇಕರಿಗೆ ಸಾಕು ಎನ್ನುವ ವೈದ್ಯರ ಮಾತಿನಲ್ಲಿ ಸತ್ಯವಿದೆ. ನಮ್ಮ ಕಡೆ ಇನ್ಹೇಲರ್ "ಚಟ"ವಾಗುತ್ತದೆಂಬ ಹೆದರಿಕೆಯಿಂದ ಅದನ್ನು ಬಿಟ್ಟು, ಬೇಗ ಗುಣವಾಗಲೆಂದು ಕೋರ್ಸಿನ ಹಿಂದೆ ಓಡುವವರು ಮೊದಲು ಇದನ್ನು ಕೇಳಬೇಕು. ಇಮ್ಯುನೊಥೆರಪಿ ಇನ್ಹೇಲರಿನ ಬದಲಿಗೆ ಬಂದದ್ದಲ್ಲ. ತೀವ್ರ ರೋಗಕ್ಕೆ ಐಜಿಇಯನ್ನೇ ಹಿಡಿದು ಕಟ್ಟುವ ಒಮಾಲಿಜುಮ್ಯಾಬ್‌ನಂಥ ಮದ್ದುಗಳೂ 2003ರಿಂದ ಇವೆ. ಬೆಲೆ ಮಾತ್ರ ಬಡವರ ಕೈಗೆ ಎಟುಕದು.

ಆದರೆ ಔಷಧಿ ನಿಲ್ಲಿಸಿದರೆ ರೋಗ ಮರಳುತ್ತದೆ. ರೋಗದ ಜಾಡನ್ನೇ ಬದಲಿಸುವ ಸಾಧ್ಯತೆ ಇರುವುದು ಇಮ್ಯುನೊಥೆರಪಿಯಲ್ಲಿ ಮಾತ್ರ. 1999ರಲ್ಲಿ ಸ್ಟೀಫನ್ ಡರಹಮ್ ಮತ್ತು ಸಂಗಡಿಗರು, ಮೂರು-ನಾಲ್ಕು ವರ್ಷ ಹುಲ್ಲಿನ ಪರಾಗದ ಚುಚ್ಚುಮದ್ದು ಪಡೆದವರಲ್ಲಿ ನಿಲ್ಲಿಸಿದ ಮೇಲೂ ಮೂರು ವರ್ಷ ಗುಣ ಉಳಿದದ್ದನ್ನು ತೋರಿಸಿದರು. 2017ರಲ್ಲಿ ಪ್ರಕಟವಾದ ಹುಲ್ಲಿನ ಪರಾಗದ ಇನ್ನೊಂದು ಪ್ರಯೋಗದಲ್ಲಿ ಎರಡೇ ವರ್ಷಕ್ಕೆ ನಿಲ್ಲಿಸಿದಾಗ ಮರುವರ್ಷ ಗುಣ ಉಳಿಯಲಿಲ್ಲ. ಮೂರು ವರ್ಷದ ಕೋರ್ಸು ಎಂಬ ಮಾತಿಗೆ ಇದೇ ಆಧಾರ. ಅರ್ಧಕ್ಕೆ ಬಿಡುವವರು ಶುರುಮಾಡದಿರುವುದೇ ಲೇಸು.

ಇನ್ನೂ ತೀರ್ಮಾನವಾಗದ್ದು

ನೆಗಡಿಯ ಮಕ್ಕಳಿಗೆ ಬೇಗ ಚಿಕಿತ್ಸೆ ಕೊಟ್ಟರೆ ಮುಂದೆ ದಮ್ಮು ಬರುವುದನ್ನು ತಡೆಯಬಹುದೇ? ಯುರೋಪಿನ ಒಂದು ಚುಚ್ಚುಮದ್ದಿನ ಅಧ್ಯಯನ ಹೌದೆಂದಿತು. 2018ರಲ್ಲಿ ಪ್ರಕಟವಾದ ಮಾತ್ರೆಯ ದೊಡ್ಡ ಪ್ರಯೋಗ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ, ಆದರೆ ದಮ್ಮಿನ ಲಕ್ಷಣ ಕಡಿಮೆಯಾದದ್ದನ್ನು ಕಂಡಿತು. ಮಹಾಪೂರದ ಮನೆಗಳ ಬೂಸ್ಟಿಗೆ ಚುಚ್ಚುಮದ್ದು ಎಷ್ಟು ಉಪಯೋಗಿ ಎಂಬುದಕ್ಕೆ ಕೆಲವೇ ಜಾತಿಯ ಬೂಸ್ಟುಗಳ ಮೇಲೆ ಸಣ್ಣ ಪುರಾವೆಯಿದೆ. ಆಹಾರದ ವಿಷಯದಲ್ಲಿ ಶೇಂಗಾಕ್ಕೆ ಅಮೆರಿಕ 2020ರಲ್ಲಿ ಬಾಯಿಯ ಮದ್ದಿಗೆ ಅನುಮತಿ ಕೊಟ್ಟಿತು. ಅದು ಅಪ್ಪಿತಪ್ಪಿ ತಿಂದಾಗ ಕಾಯುತ್ತದೆ, ಗುಣಪಡಿಸಿತೆಂದು ಯಾರೂ ಹೇಳುತ್ತಿಲ್ಲ. ಪಾರ್ಥೇನಿಯಂ ಪರಾಗಕ್ಕೆ, ನಮ್ಮ ಜಾಲಿಗೆ, ಜೋಳದ ಹೊಲದ ಪರಾಗಕ್ಕೆ ಪ್ರಮಾಣೀಕೃತ ಸಾರ ಯಾರು ತಯಾರಿಸಬೇಕು, ಅದರ ಖರ್ಚು ಯಾರು ಹೊರಬೇಕು ಎಂಬುದೂ ಬಾಕಿಯೇ.

ಎಲ್ಲಕ್ಕಿಂತ ನಮಗೆ ಹತ್ತಿರದ ಪ್ರಶ್ನೆ ಇನ್ನೊಂದು. ಮೂರು ವರ್ಷದ ಲೆಕ್ಕ ಬಂದಿರುವುದು ವರ್ಷದಲ್ಲಿ ಕೆಲವೇ ವಾರ ಪರಾಗ ಹಾರಿಸುವ ಇಂಗ್ಲೆಂಡಿನ ಹುಲ್ಲಿನಿಂದ. ನೀರಾವರಿ ಇರುವ ಕಡೆ ಕಾಂಗ್ರೆಸ್ ಕಸ ವರ್ಷವಿಡೀ ಹೂ ಬಿಡುತ್ತದೆ. ಕಾಲುವೆ ಬದಿಯ ರಾಯಬಾಗದ ರೈತನ ಮೂಗಿಗೆ ಬಿಡುವೇ ಇಲ್ಲ. ಮದ್ದು ನಿಲ್ಲಿಸಿದ ಮೇಲೆ ದಿನವೂ ಒಳಹೋಗುವ ಪರಾಗ ಅವನು ಕಲಿತ ಸಹನೆಯನ್ನು ಗಟ್ಟಿಮಾಡುತ್ತದೆಯೋ ಕೆಡಿಸುತ್ತದೆಯೋ ಎಂಬುದನ್ನು ಹುಲ್ಲಿನ ಪ್ರಯೋಗಗಳಿಂದ ಹೇಳಲಾಗದು. ಅದಕ್ಕೆ ಇಲ್ಲಿಯ ರೋಗಿಗಳನ್ನೇ, ಇಲ್ಲಿಯ ಹೊಲಗಳಲ್ಲೇ, ಮೂರು ವರ್ಷ ಚಿಕಿತ್ಸೆ ಕೊಟ್ಟು ಇನ್ನೂ ಮೂರು ವರ್ಷ ಹಿಂಬಾಲಿಸಿ ನೋಡಬೇಕು.